ಮಗಳ ತಲೆಗೊಂದು ಹೆಲ್ಮೆಟ್

2019ರ ಜೂನ್. ಪುಣೆಯಲ್ಲಿ ಮೊದಲ ಮಳೆ ಬಿದ್ದ ಸಂಜೆ. ಕರ್ವೇ ನಗರದಿಂದ ವಾರಜೆಗೆ ಹೊರಟಿದ್ದೆ, ಹತ್ತೇ ನಿಮಿಷದ ದಾರಿ. ನನ್ನ ತಲೆಗೆ ಹೆಲ್ಮೆಟ್ ಇತ್ತು. ಹಿಂದೆ ಕೂತಿದ್ದ ಒಂಬತ್ತು ವರ್ಷದ ಮಗಳಿಗೆ ಇರಲಿಲ್ಲ.

ಬೇಸಿಗೆಯಿಡೀ ರಸ್ತೆಗೆ ಸೋರಿದ ಎಣ್ಣೆ ಮೊದಲ ಮಳೆಗೆ ಮೇಲೆ ಬರುತ್ತದೆ. ಬ್ರೇಕ್ ಹಿಡಿದೆ. ಸ್ಕೂಟರ್ ಜಾರಿತು. ನನ್ನ ತಲೆ ಡಿವೈಡರಿಗೆ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ. ಮಗಳು ಮಣ್ಣಿನ ಮೇಲೆ ಬಿದ್ದಿದ್ದಳು. ಮೊಣಕಾಲು ತರಚಿತ್ತು, ಅಷ್ಟೇ.

ಹಿಂದೆ ಬರುತ್ತಿದ್ದ ವಿಜಯಪುರದ ಟೆಂಪೋ ನಿಂತಿತು. ಡ್ರೈವರ್ ಅವಳನ್ನು ಎತ್ತಿ ಕೂರಿಸಿ ಕೇಳಿದರು, "ಹುಡುಗಿ ತಲಿಗೆ ಏನೂ ಹಾಕಿಲ್ಲೇನ್ರೀ?" ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಮನೆಗೆ ಬಂದು ನೋಡಿದರೆ ಹೆಲ್ಮೆಟ್ ಒಳಗಿನ ಥರ್ಮಾಕೋಲ್ ಅಪ್ಪಚ್ಚಿಯಾಗಿತ್ತು. ಅದು ಪೆಟ್ಟು ನುಂಗುವುದು ಒಂದೇ ಸಲ. ಆಮೇಲೆ ಎಸೆಯಲೇಬೇಕು.

ಅದೇ ವರ್ಷದ ಜನವರಿಯಲ್ಲಿ ಇದೇ ಊರಲ್ಲಿ ಹೆಲ್ಮೆಟ್ ಕಡ್ಡಾಯ ಬೇಡವೆಂದು ಪುಣೇರಿ ಪಗಡಿ ಅನ್ನುವ ಪೇಟ ತೊಟ್ಟು ಬೈಕ್ ಮೆರವಣಿಗೆ ಮಾಡಿದ್ದರು. ಬೇರೆ ಬೇರೆ ಪಕ್ಷದವರು ಅದಕ್ಕೆ ಜೊತೆಯಾಗಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟ.

ಆದರೆ ಪಕ್ಷ ಬಿಟ್ಟು ಒಂದಾಗಿ ಒಳ್ಳೆಯದನ್ನೂ ಮಾಡಬಹುದು ಅಲ್ವಾ? ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಕರಡಿಗೆ ಬೇರೆ ಬೇರೆ ಪಕ್ಷಗಳ ಆಡಳಿತವಿದ್ದ 18 ರಾಜ್ಯಗಳ ಸಾರಿಗೆ ಮಂತ್ರಿಗಳು ಕೂತು ಸಲಹೆ ಕೊಟ್ಟಿದ್ದರು. ನಾನು ಬಿದ್ದ ಮುಂದಿನ ತಿಂಗಳು, ಜುಲೈ 31ರಂದು, ರಾಜ್ಯಸಭೆ ಅದನ್ನು ಒಪ್ಪಿತು. ಪರ 108 ಮತ, ವಿರುದ್ಧ 13. ಬೈಕಲ್ಲಿ ಕೂತ, ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಬೇಕು ಅನ್ನುವ ಮಾತು ಅದರಲ್ಲಿತ್ತು. ಅದನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಕಾಯ್ದೆ ಬಂದ ಮೇಲೂ ಸಾವು ನಿಂತಿಲ್ಲ. 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅದರಲ್ಲಿ ಹಿಂದೆ ಕೂತವರೇ 14,337.

ನಾನು ಬಿದ್ದ ಮೇಲಿನ ಭಾನುವಾರ ಮಗಳಿಗೆ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಂಡೆವು. ನಮ್ಮ ವಾರ್ಡಿಗೆ ಆಗ ನಾಲ್ವರು ನಗರಸೇವಕರು, ಅಂದರೆ ಪಾಲಿಕೆ ಸದಸ್ಯರು, ಇದ್ದರು. ಪಕ್ಕದ ಮನೆಯವರಿಂದ ಮರಾಠಿಯಲ್ಲಿ ಒಂದೇ ಪತ್ರ ಬರೆಸಿ ನಾಲ್ವರಿಗೂ ಕೊಟ್ಟೆ. ಒಂದು ದಿನ ಬೆಳಗ್ಗೆ ನೀವು ನಾಲ್ವರೂ ಒಟ್ಟಿಗೆ ಶಾಲೆ ಗೇಟಿನ ಹತ್ತಿರ ನಿಲ್ಲಿ, ಮಕ್ಕಳನ್ನು ಬಿಡಲು ಬರುವ ಅಪ್ಪ ಅಮ್ಮಂದಿರ ಜೊತೆ ಮಾತಾಡಿ ಅಂತ ಕೇಳಿದ್ದೆ.

ಒಂದು ಕಚೇರಿಯಲ್ಲಿ ಕುಳಿತಿದ್ದ ಹಿರಿಯರು ಪತ್ರವನ್ನು ಎರಡು ಸಲ ಓದಿದರು. ಮಗಳಿಗೆ ವಯಸ್ಸೆಷ್ಟು ಅಂತ ಕೇಳಿದರು. ಒಂಬತ್ತು ಅಂದೆ. ನನ್ನ ಮೊಮ್ಮಗನಿಗೂ ಅಷ್ಟೇ ಅಂದರು.