ಎಸ್ಟೋನಿಯಾ ಆಲ್ಬಮ್: ಹನ್ನೊಂದನೇ ಹಾಳೆವರೆಗೆ

ಕಳೆದ ಸಲ ಬರೆದಾಗ ಆಲ್ಬಮ್ ಆರನೇ ಹಾಳೆಯಲ್ಲಿ ನಿಂತಿತ್ತು. ಈಗ ಹನ್ನೊಂದಕ್ಕೆ ಬಂದಿದ್ದೇನೆ. ಹೊಸಬರಿಗೆ ಒಂದು ಮಾತು: ಬಾಲ್ಟಿಕ್ ಕಡಲ ತೀರದ ಪುಟ್ಟ ದೇಶ ಎಸ್ಟೋನಿಯಾ 1918ರಿಂದ 1940ರವರೆಗೆ ಸ್ವತಂತ್ರವಾಗಿದ್ದಾಗ ತಂದ ಸ್ಟಾಂಪುಗಳನ್ನು ವರ್ಷದ ಪ್ರಕಾರ ಜೋಡಿಸಿ, ಪ್ರತಿ ಹಾಳೆಯ ಕೆಳಗೆ ಆಗ ಅಲ್ಲಿ ಏನು ನಡೀತಿತ್ತು ಅಂತ ನಾಲ್ಕು ಸಾಲು ಬರೆಯುತ್ತಿದ್ದೇನೆ. ಕ್ಯಾಟಲಾಗಿನ ಎಲ್ಲ ನಮೂನೆಯೂ ಬೇಕು ಅನ್ನುವ ಹಟ ಇಲ್ಲ. ಅಷ್ಟು ದುಡ್ಡೂ ಇಲ್ಲ.

ಮೇ, ಎರಡನೇ ವಾರ

ಮೊದಲ ಹಾಳೆಯ ಒಂದು ಖಾಲಿ ಜಾಗ ಬಹಳ ದಿನದಿಂದ ಕಾಡುತ್ತಿತ್ತು. 1918ರ ನವೆಂಬರಿನಲ್ಲಿ ಬಂದ ಮೊಟ್ಟಮೊದಲ ಸ್ಟಾಂಪು, 5 ಕೊಪೆಕ್, ಕೆಂಪು. ಆನ್‌ಲೈನಿನಲ್ಲಿ ಒಬ್ಬರ ಹತ್ತಿರ ತರಿಸಿದೆ. ಫೋಟೋ ಮಸುಕಾಗಿತ್ತು, ನಾನೂ ಸರಿಯಾಗಿ ನೋಡಲಿಲ್ಲ. ಲಕೋಟೆ ಒಡೆದು, ಚಿಮಟದಲ್ಲಿ ಎತ್ತಿ ತಿರುಗಿಸಿದರೆ ಬೆನ್ನ ಮೇಲೆ ನಕ್ಷೆಯ ಗೆರೆಗಳು! ಸಣ್ಣ ರಸ್ತೆ, ಯಾವುದೋ ಊರಿನ ಅರ್ಧ ಹೆಸರು. ಇದು ಪಕ್ಕದ ಲಾಟ್ವಿಯಾದ್ದು. ಅಲ್ಲಿ ಕಾಗದಕ್ಕೇ ಬರ ಬಂದು, ಜರ್ಮನ್ ಸೈನ್ಯದ ನಕ್ಷೆಗಳ ಹಿಂಬದಿಯಲ್ಲಿ ಸ್ಟಾಂಪು ಅಚ್ಚು ಹಾಕಿದ್ದರು. ಅದೂ ಐದರದ್ದೇ, ಅದೂ ಕೆಂಪೇ. ಮಾರಿದವರು ದುಡ್ಡು ವಾಪಸ್ ಕೊಡ್ತೀನಿ ಅಂದರು. ಬೇಡ, ಇದನ್ನೂ ಇಟ್ಕೋತೀನಿ ಅಂದೆ.

ಅಸಲಿ ಬರುವುದಕ್ಕೆ ಇನ್ನೂ ಮೂರು ವಾರ ಹಿಡಿಯಿತು. ಹೂವಿನ ಚಿತ್ತಾರದ ನಡುವೆ 'ಈಸ್ತಿ ಪೋಸ್ಟ್' ಅಂತಿದೆ. ಅಂಚಿಗೆ ತೂತುಗಳಿಲ್ಲ, ಕತ್ತರಿಯಲ್ಲೇ ಕತ್ತರಿಸಬೇಕಿತ್ತು. ನನ್ನದನ್ನು ಯಾರೋ ಅವಸರದಲ್ಲಿ ಕತ್ತರಿಸಿದ್ದಾರೆ, ಎಡಗಡೆ ಅಂಚೇ ಇಲ್ಲ. ಅವಸರ ಇದ್ದದ್ದೂ ನಿಜ ಅನ್ನಿ. 1918ರ ಫೆಬ್ರವರಿ 24ಕ್ಕೆ ರಾಜಧಾನಿ ಟಾಲಿನ್‌ನಲ್ಲಿ ಸ್ವಾತಂತ್ರ್ಯ ಸಾರಿದರು, ಮರುದಿನವೇ ಜರ್ಮನ್ ಪಡೆ ಊರಿಗೆ ನುಗ್ಗಿತು. ನವೆಂಬರಿನಲ್ಲಿ ಜರ್ಮನಿ ಸೋತ ಮೇಲೆ ಸರ್ಕಾರ ಮತ್ತೆ ಕೂತಿತು. ಸ್ಟಾಂಪು ಬಂತು. ಅದೇ ತಿಂಗಳ 28ಕ್ಕೆ ಪೂರ್ವದ ಗಡಿಯೂರು ನಾರ್ವಾದ ಕಡೆಯಿಂದ ಸೋವಿಯತ್ ರಷ್ಯಾದ ಕೆಂಪು ಸೇನೆ ಬಂತು, ಸ್ವಾತಂತ್ರ್ಯ ಯುದ್ಧ ಶುರುವಾಯಿತು. ಟಾರ್ಟು ನಗರದಲ್ಲಿ ರಷ್ಯಾದ ಜೊತೆ ಶಾಂತಿ ಒಪ್ಪಂದ ಆಗಿದ್ದು 1920ರ ಫೆಬ್ರವರಿ 2ಕ್ಕೆ.

ಜೂನ್

ನೇಕಾರಗಿತ್ತಿ ಮತ್ತು ಕಮ್ಮಾರ. 1922ರಿಂದ ಬಂದ ಸಾಲು ಇದು, ನನಗೆ ತುಂಬ ಇಷ್ಟ. ಒಂದರಲ್ಲಿ ಮಗ್ಗದ ಮುಂದೆ ಕೂತ ಹೆಂಗಸು, ಇನ್ನೊಂದರಲ್ಲಿ ಸುತ್ತಿಗೆ ಹಿಡಿದ ಕಮ್ಮಾರ. ಒಂಬತ್ತು ಸ್ಟಾಂಪು ಹಳೇ ಲಕೋಟೆಯ ತುಂಡುಗಳ ಮೇಲೇ ಅಂಟಿದ್ದವು. ಬಟ್ಟಲಿನ ತಣ್ಣೀರಿಗೆ ಬಿಟ್ಟೆ. ಹದಿನೈದು ನಿಮಿಷಕ್ಕೆ ಒಂದೊಂದೇ ಕಾಗದ ಬಿಟ್ಟು ಜಾರಿ ಬಂದವು. ಒಂದು ಮಾತ್ರ ಹಟಮಾರಿ. ಸುಮ್ನೆ ಬಿಡಬೇಕಿತ್ತು, ಎಳೆದೆ, ಮೂಲೆ ಹರಿಯಿತು. ಅದನ್ನೇ ಹಾಳೆಯ ಮಧ್ಯೆ ಹಚ್ಚಿದ್ದೇನೆ, ಬುದ್ಧಿ ಬರಲಿ ಅಂತ.

ಈ ಹಾಳೆಗೆ ಬರೆಯುವಾಗ ಒಂದು ವಿಷಯ ಹೊಳೆಯಿತು. ನನ್ನ ಹತ್ತಿರ ಇರುವ ಮೊದಲ ಹದಿನೆಂಟು ವರ್ಷದ ಸ್ಟಾಂಪುಗಳಲ್ಲಿ ಒಬ್ಬ ರಾಜಕಾರಣಿಯ ಮುಖವೂ ಇಲ್ಲ. ಹೂವು, ಕಡಲಹಕ್ಕಿ, ಹಡಗು, ನೇಕಾರಗಿತ್ತಿ, ಸಿಂಹ. ಯಾಕೆ ಅಂತ ಹುಡುಕುತ್ತಾ ಹೋದರೆ 1920ರ ಸಂವಿಧಾನ ಸಿಕ್ಕಿತು. ಅದರಲ್ಲಿ ರಾಷ್ಟ್ರಪತಿಯೇ ಇಲ್ಲ! ಸರ್ಕಾರದ ಮುಖ್ಯಸ್ಥನೇ 'ರೀಗಿವನೆಮ್', ಅಂದರೆ ನಾಡಹಿರಿಯ. ನೂರು ಸದಸ್ಯರ ಸಂಸತ್ತು ಬೇಡ ಅಂದ ದಿನ ಅವನು ಮನೆಗೆ. ಆ ನೂರು ಸೀಟಿಗೆ ಹತ್ತಕ್ಕೂ ಹೆಚ್ಚು ಪಕ್ಷಗಳು. ಸರಾಸರಿ ಒಂದು ಸರ್ಕಾರ ಒಂಬತ್ತು ತಿಂಗಳೂ ಬಾಳಲಿಲ್ಲ. ಯಾರ ಮುಖ ಅಂತ ಹಾಕೋದು? ಬ್ಲಾಕ್ ಕೆತ್ತುವಷ್ಟರಲ್ಲಿ ಆಸಾಮಿ ಬದಲಾಗಿರುತ್ತಿದ್ದ. ಇದು ನನ್ನ ಊಹೆ, ಆದರೆ ಬಿಟ್ಟುಕೊಡಲು ಮನಸ್ಸಿಲ್ಲ.

ಹಾಗಂತ ಕೆಲಸ ನಿಂತಿರಲಿಲ್ಲ. 1919ರಲ್ಲೇ ಜರ್ಮನ್ ಜಮೀನ್ದಾರರ ಸಾವಿರಕ್ಕೂ ಹೆಚ್ಚು ಎಸ್ಟೇಟುಗಳನ್ನು ಕಿತ್ತು ಹಂಚಲು ಶುರು ಮಾಡಿದ್ದರು. 1925ರಲ್ಲಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ, ಸಂಸ್ಕೃತಿ ತಾವೇ ನೋಡಿಕೊಳ್ಳುವ ಕಾನೂನು ಬಂತು. ಜರ್ಮನ್ನರೂ ಯಹೂದಿಗಳೂ ಬಳಸಿಕೊಂಡರು. ಭೂಮಿ ಕಳೆದುಕೊಂಡವರಿಗೇ ಈ ಹಕ್ಕು, ವಿಚಿತ್ರ ಅಲ್ವಾ?

ಜುಲೈ, ಮಳೆ ಜಾಸ್ತಿ

ಸ್ಟಾಂಪೇ ಇಲ್ಲದ ಒಂದು ಹಾಳೆ ಇಟ್ಟೆ. 1924ರ ಡಿಸೆಂಬರ್ 1. ಬೆಳಗಿನ ಜಾವ ಟಾಲಿನ್‌ನಲ್ಲಿ ಕಮ್ಯುನಿಸ್ಟರು ಅಧಿಕಾರ ಕಸಿಯಲು ನೋಡಿದರು, ಕೆಲವೇ ಗಂಟೆಗಳಲ್ಲಿ ಮುಗಿದುಹೋಯಿತು. ಸಾರಿಗೆ ಸಚಿವ ಕಾರ್ಲ್ ಕಾರ್ಕ್ ರೈಲ್ವೆ ನಿಲ್ದಾಣದಲ್ಲಿ ಗುಂಡಿಗೆ ಬಲಿಯಾದರು.

ಮುಂದಿನ ಹಾಳೆ ಓವರ್‌ಪ್ರಿಂಟುಗಳದ್ದು. 1928ರ ಜನವರಿ 1ಕ್ಕೆ ಹಳೇ ನಾಣ್ಯ ಮಾರ್ಕ್ ಹೋಗಿ ಹೊಸ ನಾಣ್ಯ ಕ್ರೂನ್ ಬಂತು, ನೂರು ಮಾರ್ಕಿಗೆ ಒಂದು ಕ್ರೂನ್. ದೇಶಕ್ಕೆ ಹತ್ತು ತುಂಬಿದ್ದೂ ಅದೇ ವರ್ಷ. ಹಳೇ ನೇಕಾರಗಿತ್ತಿ, ಕಮ್ಮಾರರ ಮೇಲೇ ಹೊಸ ಬೆಲೆ, ಎರಡು ಇಸವಿ ಒತ್ತಿ ಬಿಟ್ಟರು. ಭೂತಗನ್ನಡಿ ಹಿಡಿದರೆ ಕಮ್ಮಾರನ ಮೇಲೆ ಶಾಯಿ ಬಿದ್ದದ್ದು ಚೆನ್ನಾಗಿ ಕಾಣುತ್ತದೆ.

ಆಗಸ್ಟ್

ಕೊನೆಗೂ ಒಂದು ಮುಖ. 1936ರಲ್ಲಿ ಕಾನ್‌ಸ್ಟಾಂಟಿನ್ ಪ್ಯಾಟ್ಸ್, ಆಗಿನ ಸರ್ಕಾರದ ಮುಖ್ಯಸ್ಥ. ಒಂದೇ ಚಿತ್ರ, ಬೇರೆ ಬೇರೆ ಬಣ್ಣ, ಬೇರೆ ಬೇರೆ ಬೆಲೆ. ಹಾಳೆ ತುಂಬ ಅವರೇ.

ಹಿನ್ನೆಲೆ ಇಷ್ಟು. ಜಗತ್ತಿನ ಆರ್ಥಿಕ ಕುಸಿತ, 1933ರಲ್ಲಿ ಕ್ರೂನ್ ಬೆಲೆ ಇಳಿಸಿದ್ದು, ಜನ ಬೇಸತ್ತರು. ಸ್ವಾತಂತ್ರ್ಯ ಯುದ್ಧದ ಮಾಜಿ ಸೈನಿಕರ ಸಂಘ 'ವಾಪ್ಸ್' ಗಟ್ಟಿ ನಾಯಕ ಬೇಕು ಅಂತ ಎದ್ದಿತು. ಅಕ್ಟೋಬರ್ ಜನಮತದಲ್ಲಿ ಅವರ ಸಂವಿಧಾನ ಗೆದ್ದಿತು. ಅದರ ಪ್ರಕಾರ ನಡೆಯಬೇಕಿದ್ದ ನಾಡಹಿರಿಯನ ಚುನಾವಣೆಗೆ ಅವರ ಅಭ್ಯರ್ಥಿ ಆಂಡ್ರೆಸ್ ಲಾರ್ಕಾ ಮುಂದಿದ್ದರು. ಆಗಲೇ, 1934ರ ಮಾರ್ಚ್ 12ಕ್ಕೆ, ಪ್ಯಾಟ್ಸ್ ಮತ್ತು ಜನರಲ್ ಯೋಹಾನ್ ಲೈಡೊನೆರ್ ತುರ್ತು ಪರಿಸ್ಥಿತಿ ಹೇರಿ ವಾಪ್ಸ್ ನಾಯಕರನ್ನು ಒಳಗೆ ಹಾಕಿದರು. ಚುನಾವಣೆ ಮುಂದೆ ಹೋಯಿತು. ಮರುವರ್ಷ ಪಕ್ಷಗಳಿಗೆ ನಿಷೇಧ. ಆ ಕಾಲಕ್ಕೆ ಎಸ್ಟೋನಿಯನ್ನರು 'ಮೌನದ ಯುಗ' ಅನ್ನುತ್ತಾರೆ. ಸರ್ವಾಧಿಕಾರ ತಪ್ಪಿಸಲು ಹೀಗೆ ಮಾಡಿದೆ ಅಂತ ಪ್ಯಾಟ್ಸ್ ಸಮರ್ಥನೆ. 1938ರಲ್ಲಿ ಅವರೇ ರಾಷ್ಟ್ರಪತಿ. ಹಾಳೆ ನೋಡಿದರೆ ನನಗೆ ಆ ಸಮರ್ಥನೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ.

ಈ ವಾರ

ಹನ್ನೊಂದನೆಯದು ಕೊನೇ ಹಾಳೆ. ಪಾರಿವಾಳ ಮತ್ತು ವಿಮಾನದ ನಾಲ್ಕು ಸ್ಟಾಂಪು, ಅಂಚೆಚೀಟಿಗೆ ನೂರು ವರ್ಷ ತುಂಬಿದ್ದಕ್ಕೆ 1940ರ ಜುಲೈ ಕೊನೆಯಲ್ಲಿ ತಂದದ್ದು. ಸೋವಿಯತ್ ಪಡೆ ಜೂನ್ 17ಕ್ಕೇ ದೇಶ ಹಿಡಿದಿತ್ತು. ಅದೇ ಜುಲೈ ಕೊನೆಯಲ್ಲಿ ಪ್ಯಾಟ್ಸ್ ಕುಟುಂಬವನ್ನು ರಷ್ಯಾದ ಉಫಾ ನಗರಕ್ಕೆ ಸಾಗಿಸಿದರು. 1954ರ ಕೊನೆಯಲ್ಲಿ ಪ್ಯಾಟ್ಸ್‌ರನ್ನು ಸ್ವಲ್ಪ ದಿನ ಎಸ್ಟೋನಿಯಾಕ್ಕೆ ತಂದು ಮತ್ತೆ ರಷ್ಯಾಕ್ಕೆ ಕಳಿಸಿದರು, 1956ರಲ್ಲಿ ಅಲ್ಲಿನ ಒಂದು ಮನೋರೋಗ ಆಸ್ಪತ್ರೆಯಲ್ಲಿ ತೀರಿಕೊಂಡರು.

ನಾಲ್ಕರಲ್ಲಿ ಮೂರು ಪಾರಿವಾಳ ಸಿಕ್ಕಿವೆ. ನಾಲ್ಕನೆಯದರ ಜಾಗಕ್ಕೆ ಪೆನ್ಸಿಲಿನಲ್ಲಿ ಚೌಕ ಹಾಕಿಟ್ಟಿದ್ದೇನೆ. ಈ ಸಲ ದುಡ್ಡು ಕೊಡುವ ಮುಂಚೆ ಬೆನ್ನಿನ ಫೋಟೋ ಕೇಳುತ್ತೇನೆ.