ಬೇಕರ್ ಸ್ಟ್ರೀಟ್: ಚರಿತ್ರೆ ತಿಳಿದವರಿಗೆ ದಾರಿ ತಪ್ಪದ ನಿಲ್ದಾಣ

ಲಂಡನ್ನಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಬೇಕರ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿಯುವುದು ಮೇಡಮ್ ಟುಸ್ಸಾಡ್ಸ್‌ನ ಮೇಣದ ಪ್ರತಿಮೆಗಳನ್ನೋ ಷರ್ಲಾಕ್ ಹೋಮ್ಸ್ ವಸ್ತುಸಂಗ್ರಹಾಲಯವನ್ನೋ ನೋಡುವುದಕ್ಕಾಗಿ. ನಾವು ಹೋದಾಗ ನಿಲ್ದಾಣವನ್ನೇ ನೋಡಲೆಂದು ಮಧ್ಯಾಹ್ನದ ಹೊತ್ತನ್ನು ಬಿಡುವು ಮಾಡಿಕೊಂಡಿದ್ದೆವು. ಐದು ಮಾರ್ಗಗಳು ಮತ್ತು ಹತ್ತು ಪ್ಲಾಟ್‌ಫಾರಂಗಳಿರುವ ಈ ನಿಲ್ದಾಣ ಮೊದಲ ನೋಟಕ್ಕೆ ಗೊಂದಲದ ಗೂಡಿನಂತೆ ಕಂಡರೂ, ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಮೂರು ನಿಲ್ದಾಣಗಳನ್ನು ಒಂದರೊಳಗೊಂದು ಸೇರಿಸಲಾಗಿದೆ ಎಂಬುದು ಅರ್ಥವಾದರೆ ಗೋಡೆಯ ಮೇಲಿನ ನಕ್ಷೆಗಿಂತ ಅದೇ ಹೆಚ್ಚು ಸಹಾಯಕ್ಕೆ ಬರುತ್ತದೆ.

ಎಲ್ಲಕ್ಕಿಂತ ಹಳೆಯ ಭಾಗವೆಂದರೆ 5 ಮತ್ತು 6ನೇ ಪ್ಲಾಟ್‌ಫಾರಂಗಳು. ಜಗತ್ತಿನ ಮೊದಲ ಸುರಂಗ ರೈಲ್ವೆಯಾದ ಮೆಟ್ರೊಪಾಲಿಟನ್ ರೈಲ್ವೆಯು 1863ರ ಜನವರಿ 10ರಂದು ಪ್ಯಾಡಿಂಗ್ಟನ್ ಮತ್ತು ಫ್ಯಾರಿಂಗ್ಡನ್ ನಡುವೆ ಸಾರ್ವಜನಿಕರಿಗೆ ತೆರೆದಾಗ ಪ್ರಯಾಣಿಕರು ಹತ್ತಿಳಿದದ್ದು ಇಲ್ಲಿಯೇ; ಮೊದಲ ದಿನವೇ ಸುಮಾರು 38,000 ಜನ ಆ ಮಾರ್ಗದಲ್ಲಿ ಪ್ರಯಾಣ ಮಾಡಿದ್ದರು. ನೆಲದಾಳದಲ್ಲಿ ಕೊರೆದ ಸುರಂಗ ಇದಲ್ಲ. ಎಂಜಿನಿಯರ್ ಜಾನ್ ಫೌಲರ್ ಅವರ ನೇತೃತ್ವದಲ್ಲಿ ರಸ್ತೆಯನ್ನೇ ಅಗೆದು, ಕಂದಕದೊಳಗೆ ಹಳಿ ಹಾಕಿ, ಇಟ್ಟಿಗೆಯ ಕಮಾನು ಕಟ್ಟಿ, ಮೇಲೆ ಮತ್ತೆ ರಸ್ತೆ ಮಾಡಲಾಯಿತು. ಆದ್ದರಿಂದ ಇಲ್ಲಿಗೆ ಕೆಲವು ಮೆಟ್ಟಿಲು ಇಳಿದರೆ ಸಾಕು.

ಈ ಪ್ಲಾಟ್‌ಫಾರಂಗಳಲ್ಲಿ ರೈಲು ಬಂದೊಡನೆ ಹತ್ತಿಬಿಡದೆ, ಎರಡು ಮೂರು ರೈಲುಗಳನ್ನು ಬಿಟ್ಟುಕೊಟ್ಟು, ಗೋಡೆಗೆ ಬೆನ್ನು ಕೊಟ್ಟು ಎದುರು ಬದಿಯನ್ನು ನೋಡಬೇಕು. ಇಟ್ಟಿಗೆಯ ವಿಶಾಲ ಕಮಾನಿನ ಎರಡೂ ಬದಿಗೆ ಸಾಲಾಗಿ ಗೂಡುಗಳಿವೆ. ಪ್ರತಿ ಗೂಡಿನ ಒಳಗೋಡೆ ನೆಟ್ಟಗೆ ನಿಲ್ಲದೆ ಓರೆಯಾಗಿ ಮೇಲಕ್ಕೆ ಸರಿಯುತ್ತದೆ. ರಸ್ತೆಯ ಮಟ್ಟದಿಂದ ಹಗಲಿನ ಬೆಳಕು ಒಳಗೆ ಬೀಳಲಿ, ಹೊಗೆ ಹೊರಗೆ ಹೋಗಲಿ ಎಂದು ಮಾಡಿದ ಏರ್ಪಾಡು ಅದು, ಏಕೆಂದರೆ 1905ರಲ್ಲಿ ವಿದ್ಯುತ್ ರೈಲು ಬರುವವರೆಗೆ ಇಲ್ಲಿ ಓಡುತ್ತಿದ್ದುದು ಉಗಿಬಂಡಿಗಳು. ಈಗ ಆ ಗೂಡುಗಳಿಗೆ ವಿದ್ಯುದ್ದೀಪದ ಬೆಳಕಿದೆ. ಮುಚ್ಚಿದ ಕಮಾನಿನ ಕೆಳಗೆ ಕಲ್ಲಿದ್ದಲ ಹೊಗೆ ಕುಡಿಯುತ್ತ ಜನ ದಿನವೂ ಕೆಲಸಕ್ಕೆ ಹೋಗುತ್ತಿದ್ದರೆಂಬುದನ್ನು ನಂಬುವುದು ನನಗಂತೂ ಕಷ್ಟವಾಯಿತು.

ಎರಡನೆಯ ನಿಲ್ದಾಣವೆಂದರೆ 1ರಿಂದ 4ರವರೆಗಿನ ಪ್ಲಾಟ್‌ಫಾರಂಗಳು. 1868ರಲ್ಲಿ ಸ್ವಿಸ್ ಕಾಟೇಜ್ ಕಡೆಗೆ ಹೊರಟ ಕವಲು ಮಾರ್ಗವು ಕ್ರಮೇಣ ವಾಯವ್ಯದ ಹಳ್ಳಿಗಾಡಿನವರೆಗೆ ಬೆಳೆದು, ಅಲ್ಲಿ ಬಡಾವಣೆಗಳನ್ನೂ ಎಬ್ಬಿಸಿತು. ನೆತ್ತಿಯ ಮೇಲಿರುವ ಚಿಲ್ಟರ್ನ್ ಕೋರ್ಟ್ ಎಂಬ ದೊಡ್ಡ ವಸತಿ ಕಟ್ಟಡ 1929ರದು, ಕಾದಂಬರಿಕಾರ ಎಚ್. ಜಿ. ವೆಲ್ಸ್ ಅಲ್ಲಿ ಕೆಲವು ಕಾಲ ವಾಸವಾಗಿದ್ದರು. 1 ಮತ್ತು 4ರಲ್ಲಿ ಹಳಿ ಇಲ್ಲಿಗೇ ಕೊನೆಯಾಗುತ್ತದೆ. 2 ಮತ್ತು 3ರ ಹಳಿಗಳು ಮುಂದೆ ಹಳೆಯ ಮಾರ್ಗವನ್ನು ಕೂಡಿಕೊಂಡು ಆಲ್ಡ್‌ಗೇಟ್ ಕಡೆಗೆ ಸಾಗುತ್ತವೆ.

ಹೊಸಬರು ಎಡವುವುದು ಇಲ್ಲಿಯೇ. ಕಿಂಗ್ಸ್ ಕ್ರಾಸ್ ಅಥವಾ ಲಿವರ್‌ಪೂಲ್ ಸ್ಟ್ರೀಟ್‌ಗೆ ಹೋಗಬೇಕಾದವರಿಗೆ ಮೆಟ್ರೊಪಾಲಿಟನ್ ರೈಲು ಈ ಭಾಗದಿಂದಲೂ, ಸರ್ಕಲ್ ಮತ್ತು ಹ್ಯಾಮರ್‌ಸ್ಮಿತ್ ಅಂಡ್ ಸಿಟಿ ರೈಲುಗಳು 1863ರ ಭಾಗದಿಂದಲೂ ಸಿಗುತ್ತವೆ. ಊರು ಒಂದೇ, ಪ್ಲಾಟ್‌ಫಾರಂ ಬೇರೆ. ಒಂದು ಕಡೆ ಇಳಿದು ನಿಂತ ಮೇಲೆ ಇನ್ನೊಂದು ಕಡೆ ರೈಲು ಬಂದಿದೆಯೆಂದು ಮೆಟ್ಟಿಲು ಹತ್ತಿ ಓಡುವವರನ್ನು ನಾವು ಅಲ್ಲಿದ್ದಷ್ಟು ಹೊತ್ತೂ ಕಂಡೆವು. ಯಾವ ರೈಲು ಮೊದಲು ಹೊರಡುತ್ತದೆ ಎಂಬುದನ್ನು ಸೂಚನಾ ಫಲಕದಲ್ಲಿ ನೋಡಿಕೊಂಡೇ ಕೆಳಗಿಳಿಯುವುದು ಒಳ್ಳೆಯದು.

ಮೂರನೆಯದು ಎಸ್ಕಲೇಟರ್‌ನಲ್ಲಿ ಇಳಿದು ಹೋಗಬೇಕಾದ ಆಳದ ನಿಲ್ದಾಣ, ಅಂದರೆ 7ರಿಂದ 10ರವರೆಗಿನ ಪ್ಲಾಟ್‌ಫಾರಂಗಳು. 1906ರಲ್ಲಿ ಬೇಕರ್‌ಲೂ ಮಾರ್ಗ ಬಂತು. ಮೆಟ್ರೊಪಾಲಿಟನ್ ಮಾರ್ಗದ ಒತ್ತಡ ತಗ್ಗಿಸಲು 1939ರಲ್ಲಿ ಬೇಕರ್‌ಲೂಗೆ ಇನ್ನೊಂದು ಜೊತೆ ಸುರಂಗ ಸೇರಿ, ಮೆಟ್ರೊಪಾಲಿಟನ್‌ನ ಸ್ಟ್ಯಾನ್‌ಮೋರ್ ಕವಲು ಅದರ ಪಾಲಾಯಿತು; 1979ರಲ್ಲಿ ಆ ಕವಲೇ ಜುಬಿಲಿ ಮಾರ್ಗದ ಭಾಗವಾಯಿತು. ಈ ಹಂಚಿಕೆಯಿಂದ ನಮಗಾಗುವ ಲಾಭವೆಂದರೆ, ಒಂದೇ ದಿಕ್ಕಿಗೆ ಹೋಗುವ ಬೇಕರ್‌ಲೂ ಮತ್ತು ಜುಬಿಲಿ ರೈಲುಗಳು ಅಕ್ಕಪಕ್ಕದಲ್ಲೇ ನಿಲ್ಲುವುದರಿಂದ ಮೆಟ್ಟಿಲು ಹತ್ತದೆ ರೈಲು ಬದಲಿಸಬಹುದು. ಗೋಡೆಯ ಹೆಂಚುಗಳ ಮೇಲೆ ಟೋಪಿ ತೊಟ್ಟು ಪೈಪು ಕಚ್ಚಿದ ಹೋಮ್ಸ್‌ನ ನೆರಳುಚಿತ್ರಗಳಿದ್ದು, ಮಕ್ಕಳಿಗೆ ಇಷ್ಟವಾಗುತ್ತವೆ. ಬೇಕರ್‌ಲೂ ಮಾರ್ಗದ ಬೋಗಿಗಳು ಮಾತ್ರ ಹಳೆಯವು ಮತ್ತು ಇಕ್ಕಟ್ಟಿನವು. ಬೇಸಿಗೆಯಲ್ಲಿ ಸೆಕೆ ತಡೆಯದವರು ಹವಾನಿಯಂತ್ರಣವಿರುವ ಮೇಲಿನ ಮಾರ್ಗಗಳನ್ನೇ ಆರಿಸಿಕೊಳ್ಳಲಿ.

ಟಿಕೆಟ್ಟಿನ ಚಿಂತೆ ಬೇಡ, ಆದರೆ ಕಾರ್ಡಿನ ಸಿದ್ಧತೆ ಬೇಕು. ನಮ್ಮ ಬ್ಯಾಂಕ್ ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನೂ ಕಾಂಟ್ಯಾಕ್ಟ್‌ಲೆಸ್ ಸೌಲಭ್ಯವನ್ನೂ ಊರಿನಲ್ಲಿಯೇ ಚಾಲೂ ಮಾಡಿಕೊಂಡು ಹೊರಡಬೇಕು, ಇಲ್ಲವೇ ಅಲ್ಲಿ ಹಣ ತುಂಬಿಸಿ ಬಳಸುವ ಆಯ್‌ಸ್ಟರ್ ಎಂಬ ಪ್ರಯಾಣ ಕಾರ್ಡ್ ಕೊಳ್ಳಬೇಕು. ಒಬ್ಬರಿಗೆ ಒಂದು ಕಾರ್ಡ್. ಒಳಗೆ ಹೋಗುವಾಗ ತೋರಿಸಿದ ಕಾರ್ಡನ್ನೇ ಹೊರಬರುವಾಗಲೂ ತೋರಿಸಬೇಕು. 11 ವರ್ಷದೊಳಗಿನ ನಾಲ್ವರು ಮಕ್ಕಳವರೆಗೆ ದೊಡ್ಡವರ ಜೊತೆ ಉಚಿತವಾಗಿ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 6.30ರಿಂದ 9.30 ಮತ್ತು ಸಂಜೆ 4ರಿಂದ 7ರವರೆಗೆ ದಟ್ಟಣೆಯ ಅವಧಿ. ಆ ಹೊತ್ತಿನಲ್ಲಿ ಗೂಡು, ಕಮಾನು ನೋಡುತ್ತ ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ. ಫೋಟೊ ತೆಗೆಯುವವರು ಫ್ಲ್ಯಾಶ್ ಬಳಸಬಾರದು.

ಮಂಡಿನೋವಿನ ಹಿರಿಯರನ್ನೋ ದೊಡ್ಡ ಸೂಟ್‌ಕೇಸುಗಳನ್ನೋ ಜೊತೆಗಿಟ್ಟುಕೊಂಡು ಇಲ್ಲಿ ಮಾರ್ಗ ಬದಲಿಸುವ ಯೋಜನೆಯನ್ನು ಕೈಬಿಡುವುದೇ ಲೇಸು. ಆಳದ ಪ್ಲಾಟ್‌ಫಾರಂಗಳಿಗೆ ರಸ್ತೆಯಿಂದ ಲಿಫ್ಟ್ ಇಲ್ಲ. ಜುಬಿಲಿ ಮಾರ್ಗ ಹಿಡಿಯಬೇಕಾದರೆ ಮುಂದಿನ ಬಾಂಡ್ ಸ್ಟ್ರೀಟ್‌ನಲ್ಲಿ, ಸರ್ಕಲ್ ಮತ್ತು ಮೆಟ್ರೊಪಾಲಿಟನ್ ಮಾರ್ಗಗಳಿಗಾದರೆ ಕಿಂಗ್ಸ್ ಕ್ರಾಸ್‌ನಲ್ಲಿ ಲಿಫ್ಟ್ ಸೌಲಭ್ಯವಿದೆ.