ಹಗ್ಗ ಒಂದೇ, ಕೈ ಬೇರೆ

14 ಜುಲೈ 2024, ಭಾನುವಾರ

ಇವತ್ತು ಇಡೀ ದಿನ ಓದಿದ್ದು ಒಬ್ಬಳ ಬಗ್ಗೆಯೇ. ಡಿಸಿ ಕಾಮಿಕ್ಸ್‌ನ ಸೂಪರ್‌ವುಮನ್. ಹೆಸರು ಕೇಳಿ ಸೂಪರ್‌ಮ್ಯಾನ್ ಕಡೆಯವಳು ಅಂದುಕೊಳ್ಳಬೇಡಿ. ಇವಳು ಅರ್ಥ್-3 ಅನ್ನೋ ಇನ್ನೊಂದು ಭೂಮಿಯವಳು. ನಮಗೆಲ್ಲ ಗೊತ್ತಿರೋ ವಂಡರ್ ವುಮನ್ ಇದ್ದಾಳಲ್ಲ, ಅವಳ ಜಾಗದಲ್ಲಿ ಆ ಲೋಕದಲ್ಲಿ ಇರೋದು ಇವಳು. ಅಮೆಜಾನ್ ಅನ್ನೋ ಯೋಧ ಹೆಂಗಸರ ಅದೇ ಕುಲ, ಅದೇ ಬಲ, ಕೈಯಲ್ಲಿ ಮಂತ್ರದ ಹಗ್ಗ. ಆದರೆ ಕಳ್ಳಿ.

ಮೊದಲ ಸಲ ಬಂದಿದ್ದು 1964ರಲ್ಲಿ, ವಂಡರ್ ವುಮನ್ ಇರುವ ವೀರರ ಗುಂಪಿನ ಕಾಮಿಕ್ಸ್ ‘ಜಸ್ಟಿಸ್ ಲೀಗ್ ಆಫ್ ಅಮೆರಿಕ’ದ 29ನೇ ಸಂಚಿಕೆಯಲ್ಲಿ. ಬರೆದವರು ಗಾರ್ಡ್ನರ್ ಫಾಕ್ಸ್, ಚಿತ್ರ ಮೈಕ್ ಸೆಕೋವ್ಸ್ಕಿ ಅವರದು. ಆ ಭೂಮಿಯ ಚರಿತ್ರೆಯೇ ತಲೆಕೆಳಗು. ಕೊಲಂಬಸ್ ಅಮೆರಿಕದಿಂದ ಹೊರಟು ಯುರೋಪನ್ನು ಕಂಡುಹಿಡಿಯುತ್ತಾನೆ, ಇಂಗ್ಲೆಂಡು ಅಮೆರಿಕದ ವಿರುದ್ಧ ಹೋರಾಡಿ ಸ್ವಾತಂತ್ರ್ಯ ಪಡೆಯುತ್ತದೆ, ಅಧ್ಯಕ್ಷ ಜಾನ್ ವಿಲ್ಕ್ಸ್ ಬೂತ್‌ನನ್ನು ಅಬ್ರಹಾಂ ಲಿಂಕನ್ ಅನ್ನೋ ನಟ ಕೊಲ್ಲುತ್ತಾನೆ. ಇಷ್ಟೂ ಒಂದೆರಡು ಮಾತಲ್ಲಿ ಮುಗಿಯುತ್ತದೆ, ಕಥೆ ಮುಂದೆ ಓಡುತ್ತದೆ. ಎಷ್ಟು ಧಾರಾಳ ಆ ಕಾಲದ ಬರಹಗಾರರದು! ಈಗಿನವರಾದರೆ ಇದನ್ನೇ ಎಳೆದು ಆರು ಸಂಚಿಕೆ ಮಾಡುತ್ತಿದ್ದರು.

ಅಲ್ಲಿ ಐದು ಜನ ಸೇರಿ ಕ್ರೈಮ್ ಸಿಂಡಿಕೇಟ್ ಅಂತ ಗುಂಪು ಕಟ್ಟಿದ್ದಾರೆ. ಅಲ್ಟ್ರಾಮ್ಯಾನ್ (ಅಲ್ಲಿನ ಸೂಪರ್‌ಮ್ಯಾನ್), ಔಲ್‌ಮ್ಯಾನ್ (ಅಲ್ಲಿನ ಬ್ಯಾಟ್‌ಮ್ಯಾನ್), ಜಾನಿ ಕ್ವಿಕ್, ಪವರ್ ರಿಂಗ್, ಜೊತೆಗೆ ನಮ್ಮ ಸೂಪರ್‌ವುಮನ್. ಅವರನ್ನು ತಡೆಯುವ ವೀರರು ಆ ಲೋಕದಲ್ಲಿ ಆಗ ಯಾರೂ ಇಲ್ಲ. ನನಗೆ ತುಂಬ ಇಷ್ಟವಾದ ವಿಷಯ ಅಂದರೆ, ಅವರು ನಮ್ಮ ಕಡೆ, ಅಂದರೆ ಜಸ್ಟಿಸ್ ಲೀಗ್ ಇರುವ ಭೂಮಿಗೆ, ಬರೋದು ದುಡ್ಡಿಗಲ್ಲ, ಸೇಡಿಗಲ್ಲ. ಎದುರು ನಿಲ್ಲುವವರೇ ಇಲ್ಲದೆ ಕೈ ಜಡ್ಡುಗಟ್ಟುತ್ತಿದೆ, ಸರಿಯಾದ ಎದುರಾಳಿ ಬೇಕು, ಅದಕ್ಕೆ. ಸೂಪರ್‌ವುಮನ್‌ಗೂ ಅದೇ ಕಾರಣ. ಅವಳು ಯಾರ ಹೆಂಡತಿಯೂ ಅಲ್ಲ, ಯಾರ ಪ್ರೇಯಸಿಯೂ ಅಲ್ಲ. ಐವರಲ್ಲಿ ಒಬ್ಬಳು, ಅಷ್ಟೇ. ಇದನ್ನ ನೆನಪಿಟ್ಟುಕೊಳ್ಳಿ, ನನ್ನ ಸಿಟ್ಟೆಲ್ಲ ಇಲ್ಲಿಂದಲೇ ಶುರು.

ಈಗ ಹಗ್ಗದ ವಿಷಯ. ವಂಡರ್ ವುಮನ್‌ಳನ್ನು 1941ರಲ್ಲಿ ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಮನಶ್ಶಾಸ್ತ್ರಜ್ಞರು. ಸುಳ್ಳು ಹೇಳುವಾಗ ರಕ್ತದೊತ್ತಡ ಹೇಗೆ ಏರುತ್ತದೆ ಅಂತ ಪರೀಕ್ಷೆ ಮಾಡಿದವರು, ಸುಳ್ಳು ಪತ್ತೆ ಯಂತ್ರದ ಚರಿತ್ರೆಯಲ್ಲಿ ಅವರ ಹೆಸರಿದೆ. ಅವರ ನಾಯಕಿಯ ಹಗ್ಗ ಸುತ್ತಿಕೊಂಡರೆ ಸುಳ್ಳು ಹೇಳೋಕಾಗಲ್ಲ. 1964ರ ಸೂಪರ್‌ವುಮನ್ ಹಗ್ಗಕ್ಕೆ ಸತ್ಯದ ಗೊಡವೆ ಇಲ್ಲ, ಅದು ಅವಳು ಬೇಕೆಂದ ರೂಪ ತಾಳುತ್ತದೆ. ಮುಂದೆ 2000ದಲ್ಲಿ ಗ್ರಾಂಟ್ ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿ ‘ಜೆಎಲ್‌ಎ: ಅರ್ಥ್ 2’ (ಜೆಎಲ್‌ಎ ಅಂದರೆ ಅದೇ ಜಸ್ಟಿಸ್ ಲೀಗ್) ಮಾಡಿದಾಗ ಅವಳನ್ನು ಮತ್ತೆ ಕರೆತಂದರು. ಆಮೇಲಿನ ಈ ಸೂಪರ್‌ವುಮನ್ ಹಗ್ಗ ಬಿಗಿದರೆ ಮನಸ್ಸಿನ ಸಂಕೋಚ, ಹಿಡಿತ ಎಲ್ಲ ಸಡಿಲವಾಗುತ್ತದೆ. ಯಾರಿಗೂ ಹೇಳಬಾರದು ಅಂತ ಮುಚ್ಚಿಟ್ಟಿದ್ದೆಲ್ಲ, ಹೇಳಿದರೆ ಮಾನ ಹೋಗುವಂಥದ್ದೆಲ್ಲ, ಬಾಯಿಂದ ಉದುರುತ್ತದೆ. ನೋಡಿ, ಅದೂ ನಿಜವನ್ನೇ ಹೊರಗೆಳೆಯೋದು. ಆದರೆ ಒಬ್ಬಳು ನಿಜ ಕೇಳೋದು ನ್ಯಾಯಕ್ಕೆ, ಇನ್ನೊಬ್ಬಳು ಕೇಳೋದು ಎದುರಿಗಿರುವವರ ಮರ್ಯಾದೆ ತೆಗೆಯೋಕೆ. ಆ ಎರಡನೇ ಹಗ್ಗ ನನಗೆ ಅವಳ ಬೆಂಕಿ ಕಾರುವ ಕಣ್ಣಿಗಿಂತ ಜಾಸ್ತಿ ಭಯ ಹುಟ್ಟಿಸುತ್ತದೆ.

ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕನ ಮಗಳು ಪಕ್ಕ ಬಂದು ಕೂತಳು. “ಚಿಕ್ಕಮ್ಮ, ಆ ಲೋಕದಲ್ಲಿ ಒಳ್ಳೆಯವರು ಒಬ್ಬರೂ ಇಲ್ವಾ?” ಅಂತ ಕೇಳಿದಳು. “ಇದ್ದಾನೆ ಕಣೇ, ಲೆಕ್ಸ್ ಲೂಥರ್” ಅಂದೆ. ಅವಳಿಗೆ ನಂಬೋಕೇ ಆಗಲಿಲ್ಲ. ಹೌದು, ನಮ್ಮ ಕಡೆ ಸೂಪರ್‌ಮ್ಯಾನ್‌ನ ವೈರಿಯಾದ ಆ ಮಹಾ ದುಷ್ಟನೇ ಅಲ್ಲಿನ ಏಕೈಕ ವೀರ. 1982ರ ಒಂದು ವಾರ್ಷಿಕ ಸಂಚಿಕೆಯಲ್ಲಿ ಅವನು ಹಾಗೆ ಬಂದ. ನಮ್ಮ ಕಡೆ ಸೂಪರ್‌ಮ್ಯಾನ್‌ನ ಪ್ರೇಯಸಿ ಲೋಯಿಸ್ ಲೇನ್ ಇದ್ದಾಳಲ್ಲ, ಅಲ್ಲಿನ ಲೋಯಿಸ್ ಮುಂದೆ ಅವನ ಕೈ ಹಿಡಿದಳು. 1985ರಲ್ಲಿ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ನ ಮೊದಲ ಸಂಚಿಕೆಯಲ್ಲೇ ಅರ್ಥ್-3 ನಾಶವಾಗುತ್ತದೆ. ಬಿಳಿಯ ಅಲೆಯೊಂದು ಲೋಕವನ್ನೇ ನುಂಗುತ್ತಾ ಬರುವಾಗ ಆ ಗಂಡ ಹೆಂಡತಿ ಕೂಸನ್ನು ಮಾತ್ರ ಬೇರೆ ಭೂಮಿಗೆ ಕಳಿಸಿ ತಾವು ಅಲ್ಲೇ ಉಳಿಯುತ್ತಾರೆ. ಸಿಂಡಿಕೇಟಿನವರೂ ಅವತ್ತೇ ಸಾಯುತ್ತಾರೆ. ಕೂಸನ್ನು ಕಳಿಸೋ ಆ ಪುಟ ತೋರಿಸಿದೆ. ಹುಡುಗಿ ತುಂಬ ಹೊತ್ತು ತಿರುಗಿಸಲೇ ಇಲ್ಲ.

ಅದಾದ ಮೇಲೆ ಬಂದ ಬರಹಗಾರರು ಏನು ಮಾಡಿದರು ಗೊತ್ತಾ? ಒಳ್ಳೆಯವಳಾಗಿದ್ದ ಆ ಲೋಯಿಸ್‌ಳ ಹೆಸರನ್ನೇ ಸೂಪರ್‌ವುಮನ್‌ಗೆ ಕೊಟ್ಟರು. 2000ದ ಪುಸ್ತಕದಲ್ಲಿ ಅವಳು ಹಗಲು ಹೊತ್ತು ಪತ್ರಿಕೆ ಕಚೇರಿಯ ಲೋಯಿಸ್ ಲೇನ್. ಅಲ್ಟ್ರಾಮ್ಯಾನ್ ಜೊತೆ ಸಂಸಾರ, ಔಲ್‌ಮ್ಯಾನ್ ಜೊತೆ ಗುಟ್ಟಿನ ಸಂಬಂಧ. ಆ ಪುಸ್ತಕ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ನಮ್ಮಲ್ಲಿ ಒಳ್ಳೆಯದು ಗೆಲ್ಲೋದು, ಅವರಲ್ಲಿ ಕೆಟ್ಟದ್ದು ಗೆಲ್ಲೋದು ಸೃಷ್ಟಿಯ ನಿಯಮ, ಹಾಗಾಗಿ ವೀರರು ಅಲ್ಲಿ ಹೋಗಿ ಏನು ಮಾಡಿದರೂ ಉಳಿಯಲ್ಲ ಅನ್ನೋ ಯೋಚನೆ ನನ್ನನ್ನ ಬಿಟ್ಟಿಲ್ಲ. ಆದರೆ ಅವಳ ಕೆಲಸ ಏನಾಯಿತು ನೋಡಿ: ಇಬ್ಬರು ಗಂಡಸರ ನಡುವಿನ ಜಗಳಕ್ಕೆ ಕಾರಣವಾಗೋದು. 2013ರಲ್ಲಿ ಜೆಫ್ ಜಾನ್ಸ್ ಬರೆದ ‘ಫಾರೆವರ್ ಈವಿಲ್’ನಲ್ಲೂ ಅದೇ. ಅವಳು ಬಸುರಿ, ಮಗು ನಿನ್ನದೇ ಅಂತ ಇಬ್ಬರಿಗೂ ಹೇಳುತ್ತಾಳೆ, ನಿಜವಾದ ತಂದೆ ಮೂರನೆಯವನು, ಈ ಹೊಸ ಕಥೆಯ ಲೂಥರ್ ಆದ ಅಲೆಕ್ಸಾಂಡರ್ ಲೂಥರ್. ಜಾಣತನ ಇದೆ, ಒಪ್ಪುತ್ತೇನೆ, ಇಬ್ಬರನ್ನೂ ಕುಣಿಸುತ್ತಾಳೆ. ಆದರೂ ಎಲ್ಲಾ ಗಂಡಸರ ಸುತ್ತಲೇ. 1964ರಲ್ಲಿ ತನ್ನ ಬಲ ಪರೀಕ್ಷೆ ಮಾಡಿಕೊಳ್ಳೋಕೆ ಲೋಕ ದಾಟಿ ಬಂದ ಹೆಣ್ಣು ಇವಳೇನಾ? ಹಳೆಯದು ಮಕ್ಕಳ ಕಥೆ, ಹೊಸದು ದೊಡ್ಡವರ ಕಥೆ ಅಂತಾರೆ. ನನಗೆ ಹಾಗನ್ನಿಸಲ್ಲ. ಆ ಹಳೇ ಕಥೆಯಲ್ಲೇ ಅವಳು ಜಾಸ್ತಿ ಸ್ವತಂತ್ರಳು.

ನನಗೆ ಓದಬೇಕಿರೋ ಕಥೆ ಬೇರೆ. ವಂಡರ್ ವುಮನ್‌ಳನ್ನು ತಾಯಿ ಹಿಪ್ಪೊಲಿಟಾ ಜೇಡಿಮಣ್ಣಲ್ಲಿ ಮಾಡಿದಳು, ದೇವತೆಗಳು ಜೀವ ಕೊಟ್ಟರು, ದ್ವೀಪದ ಹೆಂಗಸರೆಲ್ಲ ಸೇರಿ ಬೆಳೆಸಿದರು. ಅವಳ ಒಳ್ಳೆಯತನದ ಬೇರೆಲ್ಲ ಅಲ್ಲೇ ಇದೆ. ಹಾಗಾದರೆ ಅರ್ಥ್-3ರಲ್ಲಿ? ಅಲ್ಲೂ ಅಮೆಜಾನ್ ಹೆಂಗಸರು ಇದ್ದರಲ್ವಾ? ಅಲ್ಲೂ ಒಬ್ಬ ತಾಯಿ ಮಗು ಬೇಕು ಅಂತ ಮಣ್ಣು ಕಲಸಿದಳಾ? ಆ ಹಗ್ಗವನ್ನು ಮಗಳ ಕೈಗೆ ಕೊಟ್ಟವರು ಯಾರು, ಕೊಡುವಾಗ ಏನು ಹೇಳಿದರು? ಒಬ್ಬನೇ ಒಬ್ಬ ಗಂಡಸಿನ ಹೆಸರು ಬರದ ಹಾಗೆ ಆ ದ್ವೀಪದ ಕಥೆಯನ್ನ ಯಾರಾದರೂ ಬರೆಯಬೇಕು.